ಕಾಲು ಕೊಟ್ಟು ತಳ್ಳಬೇಡಿ, ಇದು ಕರೆಂಟ್ ಗಾಡಿ!

ಮೇ ತಿಂಗಳ ಒಂದು ಮಧ್ಯಾಹ್ನ. ಬಳ್ಳಾರಿ ಬಿಸಿಲು ಹೇಗಿರುತ್ತದೆ ಅಂತ ನಮ್ಮೂರಿನವರಿಗೆ ಹೇಳಬೇಕಿಲ್ಲ. ಬ್ರೂಸ್‌ಪೇಟೆಯ ಮನೆಯಲ್ಲಿ ಫ್ಯಾನ್ ಕೆಳಗೆ ಕೂತು ಇಂಟರ್ನಲ್ಸ್‌ಗೆ ಓದುತ್ತಿದ್ದೆ. ಅಪ್ಪನ ಫೋನ್ ಬಂತು.

‘ಗಾಡಿ ನಿಂತುಬಿಟ್ಟೈತಮ್ಮಾ. ಇಲ್ಲಿ ಇಬ್ರು ಹುಡುಗ್ರು ಬೈಕಲ್ಲಿ ಬಂದಾರೆ. ಹಿಂದಿನಿಂದ ಕಾಲು ಕೊಟ್ಟು ತಳ್ಕೊಂಡು ಊರು ಮುಟ್ಟಿಸ್ತೀವಿ ಅಂತಾರೆ. ತಳ್ಳಿಸ್ಲೇನು?’

ಪಕ್ಕದಲ್ಲಿದ್ದ ಆ ಹುಡುಗರಿಗೆ ಅಪ್ಪ ಹೇಳಿದ ಮಾತೂ ಕೇಳಿಸಿತು: ‘ನನ್ನ ಮಗಳು ಕರೆಂಟ್ ಎಂಜಿನಿಯರಿಂಗ್ ಓದ್ತಾಳೆ, ಒಂದ್ಮಾತು ಕೇಳ್ತೀನಿ ತಡೀರಿ.’

ನಾನು ಪುಸ್ತಕದಿಂದ ತಲೆ ಕೂಡ ಎತ್ತಲಿಲ್ಲ. ‘ಬಿಸಿಲು ಭಾಳ ಐತೆ, ತಳ್ಳಿಸ್ಕೊಂಡು ಬಂದ್ಬಿಡಪ್ಪಾ’ ಅಂದೆ.

ಅಪ್ಪ ಅರ್ಧ ಗಂಟೆಯಲ್ಲಿ ಮನೆಗೆ ಬಂದ. ಗಾಡಿಯೂ ಬಂತು. ಆದರೆ ಸೀಟಿನ ಕೆಳಗಿನಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬರುತ್ತಿತ್ತು. ರಾತ್ರಿಯಿಡೀ ಚಾರ್ಜ್ ಹಾಕಿದರೂ ಬೆಳಿಗ್ಗೆ ಅದು ಅಲುಗಾಡಲಿಲ್ಲ.

ಅಪ್ಪನದು ಜೀನ್ಸ್ ಪ್ಯಾಂಟ್ ಹೊಲಿಯುವ ಕೆಲಸ. ಹೊಲಿದದ್ದನ್ನು ಸುತ್ತಮುತ್ತಲಿನ ಅಂಗಡಿಗಳಿಗೆ ಕೊಟ್ಟು ಬರುವುದೂ ಅವನೇ. ಅದಕ್ಕೆಂದೇ ಗಂಟೆಗೆ 25 ಕಿ.ಮೀ. ಮೀರದ, ಲೈಸೆನ್ಸ್–ನೋಂದಣಿ ಬೇಡದ ಸಣ್ಣ ಎಲೆಕ್ಟ್ರಿಕ್ ಸ್ಕೂಟರ್ ಕೊಂಡಿದ್ದ. ಒಮ್ಮೆ ಚಾರ್ಜ್ ಮಾಡಿದರೆ 60 ಕಿ.ಮೀ. ಅಂದಿದ್ದರು. ಕುರುಗೋಡಿಗೆ ಸುಮಾರು 30 ಕಿ.ಮೀ., ಹೋಗಿ ಬರಲು 60. ಲೆಕ್ಕ ಸರಿಹೋಯಿತಲ್ಲ ಅಂತ ಅಪ್ಪ ಹೊರಟಿದ್ದ. ಹಿಂದೆ ಪ್ಯಾಂಟಿನ ಗಂಟು, ಎದುರು ಬಿಸಿಗಾಳಿ, ಎರಡು ವರ್ಷ ಹಳೆಯ ಬ್ಯಾಟರಿ ಇವು ಆ ಲೆಕ್ಕದಲ್ಲಿ ಇರಲಿಲ್ಲ. ಬಳ್ಳಾರಿಗೆ ಇನ್ನೂ ಹತ್ತು ಕಿ.ಮೀ. ಇರುವಾಗ ಗಾಡಿ ನಿಂತಿತು.

ಐದು ಅಂಕದ ಪ್ರಶ್ನೆ

ರಿಪೇರಿಗೆ ಮೊದಲು ಒಯ್ದ ಕಡೆ ‘ಬ್ಯಾಟರಿ ಹೋಗಿದೆ, ಬದಲಿಸಬೇಕು’ ಅಂದರು. ನನಗೆ ನಂಬಿಕೆ ಬರಲಿಲ್ಲ. ಲ್ಯಾಬಿಗೆಂದು ಕೊಂಡಿದ್ದ ಮಲ್ಟಿಮೀಟರ್ ಹಿಡಿದು ನೋಡಿದೆ. ಬ್ಯಾಟರಿಯಲ್ಲಿ ವೋಲ್ಟೇಜ್ ಸರಿಯಾಗಿಯೇ ಇತ್ತು. ಸುಟ್ಟಿದ್ದು ಕಂಟ್ರೋಲರ್. ಅಂದರೆ ಬ್ಯಾಟರಿಯ ಕರೆಂಟನ್ನು ಅಳೆದು ಮೋಟರ್‌ಗೆ ಕೊಡುವ ಡಬ್ಬಿ.

ಅದು ಯಾಕೆ ಸುಟ್ಟಿತು ಅಂತ ಯೋಚಿಸಿದಾಗ ನಾಚಿಕೆಯಾಯಿತು. ಮೋಟರ್ ಮತ್ತು ಜನರೇಟರ್ ಬೇರೆ ಬೇರೆ ಯಂತ್ರಗಳೇನಲ್ಲ. ಕರೆಂಟ್ ಕೊಟ್ಟರೆ ತಿರುಗುವುದು ಮೋಟರ್. ಅದನ್ನೇ ನಾವು ತಿರುಗಿಸಿದರೆ ಕರೆಂಟ್ ಹುಟ್ಟಿಸುವ ಜನರೇಟರ್. ವೇಗ ಹೆಚ್ಚಿದಷ್ಟೂ ವೋಲ್ಟೇಜ್ ಹೆಚ್ಚು. ಹಿಂದಿನ ಸೆಮಿಸ್ಟರ್‌ನಲ್ಲಿ ಇದನ್ನು ಐದು ಅಂಕಕ್ಕೆ ಬರೆದು ಐದೂ ಅಂಕ ಪಡೆದಿದ್ದೆ!

ಅಪ್ಪನ ಸ್ಕೂಟರಿನದು ಹಬ್ ಮೋಟರ್. ಹಿಂದಿನ ಚಕ್ರದೊಳಗೇ ಮೋಟರ್ ಕೂತಿರುತ್ತದೆ. ಕ್ಲಚ್ ಇಲ್ಲ, ಗೇರ್ ಇಲ್ಲ. ಚಕ್ರ ತಿರುಗಿದರೆ ಮೋಟರ್ ತಿರುಗಲೇಬೇಕು. 48 ವೋಲ್ಟಿನ, 25 ಕಿ.ಮೀ. ವೇಗದ ಗಾಡಿಯನ್ನು 45 ಕಿ.ಮೀ. ವೇಗದಲ್ಲಿ ತಳ್ಳಿದರೆ ಮೋಟರಿನಲ್ಲಿ 80 ವೋಲ್ಟ್ ದಾಟಿ ಹುಟ್ಟುತ್ತದೆ. ಇಂಥ ಕಂಟ್ರೋಲರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು 63 ವೋಲ್ಟ್ ತಡೆಯುವ ಕೆಪಾಸಿಟರ್. ಕೀಲಿ ಆಫ್ ಆಗಿದ್ದರೂ ಮೋಟರ್‌ನಿಂದ ಕಂಟ್ರೋಲರ್‌ಗೆ ಹೋಗುವ ವೈರ್ ಹಾಗೇ ಇರುತ್ತದೆ. ಆ ಹುಡುಗರದು ಒಳ್ಳೆಯ ಮನಸ್ಸು. ಬಿಸಿಲಲ್ಲಿ ಹಿರಿಯರನ್ನು ಬೇಗ ಮನೆ ಮುಟ್ಟಿಸೋಣ ಅಂತ ಜೋರಾಗಿ ತಳ್ಳಿದ್ದರು. ತಪ್ಪು ನನ್ನದು.

ಕಂಟ್ರೋಲರ್, ವೈರಿಂಗ್, ಕೂಲಿ ಸೇರಿ 3,800 ರೂಪಾಯಿ ಆಯಿತು. ಬಿಡಿಭಾಗ ಬೆಂಗಳೂರಿನಿಂದ ಬರಲು 19 ದಿನ. ಅಷ್ಟೂ ದಿನ ಅಪ್ಪ ಗಂಟು ಹೊತ್ತು ಬಸ್ಸಿನಲ್ಲಿ ಓಡಾಡಿದ. ಹೇಳಿದ ದಿನಕ್ಕೆ ಮಾಲು ಮುಟ್ಟಲಿಲ್ಲವೆಂದು ಒಂದು ಅಂಗಡಿಯವರು ಬೇರೆಯವರ ಹತ್ತಿರ ಕೊಳ್ಳತೊಡಗಿದರು. ಅಪ್ಪ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕಾರಿಗೂ ಅದೇ ಕಥೆ

ನಮ್ಮ ಊರುಗಳಲ್ಲಿ ಕೆಟ್ಟ ಗಾಡಿಗೆ ಮೂರು ಮದ್ದು. ತಳ್ಳು, ಹಗ್ಗ ಕಟ್ಟಿ ಎಳಿ, ಇಲ್ಲಾಂದ್ರೆ ಕ್ರೇನ್‌ಗೆ ಹೇಳು. ಪೆಟ್ರೋಲ್ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿದುಹೋಗುತ್ತದೆ. ಹಾಗಾಗಿ ಈ ಮದ್ದುಗಳು ಇಷ್ಟು ವರ್ಷ ನಡೆದವು. ಎಲೆಕ್ಟ್ರಿಕ್ ಗಾಡಿಗೆ ಇವು ನಡೆಯುವುದಿಲ್ಲ. ತಳ್ಳಿ ಸ್ಟಾರ್ಟ್ ಮಾಡುವ ಮಾತಂತೂ ಇಲ್ಲವೇ ಇಲ್ಲ.

ಬಹುತೇಕ ಎಲೆಕ್ಟ್ರಿಕ್ ಕಾರುಗಳಲ್ಲಿ ಪರದೆಯ ಮೇಲೆ ‘ಎನ್’ ಎಂದು ಬಂದರೂ ಮೋಟರ್ ಚಕ್ರದಿಂದ ಬಿಡಿಸಿಕೊಳ್ಳುವುದಿಲ್ಲ. ಆದ್ದರಿಂದ ಮೋಟರ್ ಇರುವ ಕಡೆಯ ಚಕ್ರಗಳನ್ನು ನೆಲದ ಮೇಲೆ ಉರುಳಿಸಿಕೊಂಡು ದೂರ ಎಳೆಯಬಾರದು. ನಾಲ್ಕೂ ಚಕ್ರ ಮೇಲೆ ಬರುವಂತೆ ಚಪ್ಪಟೆ ತಳದ ಲಾರಿಯಲ್ಲಿ, ಅಂದರೆ ಫ್ಲಾಟ್‌ಬೆಡ್‌ನಲ್ಲಿ, ಏರಿಸಿ ಒಯ್ಯುವುದೇ ಸರಿಯಾದ ದಾರಿ. ಫ್ಲಾಟ್‌ಬೆಡ್‌ಗೆ ಏರಿಸುವಷ್ಟು ನಿಧಾನವಾಗಿ ಉರುಳಿಸಲು ಕೆಲವು ಕಾರುಗಳಲ್ಲಿ ‘ಟೋ ಮೋಡ್’ ಇರುತ್ತದೆ. ಅದನ್ನು ಆನ್ ಮಾಡುವ ಕ್ರಮ ಕಾರಿನ ಜೊತೆ ಬಂದ ಪುಸ್ತಕದಲ್ಲಿದೆ. ಆ ಪುಸ್ತಕ ನಮ್ಮಲ್ಲಿ ಯಾರು ಓದುತ್ತಾರೆ ಹೇಳಿ?

ಇನ್ನೊಂದು ಸಂಗತಿ ನನಗೂ ಹೊಸದಾಗಿತ್ತು. ಎಲೆಕ್ಟ್ರಿಕ್ ಕಾರು ‘ಸತ್ತು’ ನಿಂತಿದ್ದರೆ ದೊಡ್ಡ ಬ್ಯಾಟರಿ ಖಾಲಿಯಾಗಿದೆ ಎಂದೇ ಅಲ್ಲ. ಮಾಮೂಲಿ ಕಾರಿನಲ್ಲಿರುವಂಥ 12 ವೋಲ್ಟಿನ ಸಣ್ಣ ಬ್ಯಾಟರಿ ಇದರಲ್ಲೂ ಇರುತ್ತದೆ. ಡೋರ್ ಲಾಕ್, ಪರದೆ, ಕಂಪ್ಯೂಟರ್ ಎಲ್ಲ ನಡೆಯುವುದು ಅದರಿಂದ. ಅದು ಕೈಕೊಟ್ಟರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಏಳುವುದಿಲ್ಲ. ಇಂಥ ಕಡೆ ಎಳೆಯುವ ಅಗತ್ಯವೇ ಬೀಳದೆ ಇರಬಹುದು. ಕಾರಿನೊಳಗಿನ ಕಿತ್ತಳೆ ಬಣ್ಣದ ದಪ್ಪ ವೈರ್‌ಗಳನ್ನು ಮಾತ್ರ ಮುಟ್ಟಲೇಬಾರದು. ಅವುಗಳಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ.

ಯಾರಿಗೆ ಫೋನ್ ಮಾಡೋದು?

2001ರಲ್ಲೇ ‘ರೇವಾ’ ಎಂಬ ಎಲೆಕ್ಟ್ರಿಕ್ ಕಾರನ್ನು ರಸ್ತೆಗಿಳಿಸಿದ ಊರು ಬೆಂಗಳೂರು. 2017ರಲ್ಲಿ ಎಲೆಕ್ಟ್ರಿಕ್ ವಾಹನ ನೀತಿ ತಂದು ದೇಶಕ್ಕೇ ಮೊದಲಿಗರಾದವರು ನಾವು. ಆದರೆ ಸೌಲಭ್ಯಗಳೆಲ್ಲ ಹೆಚ್ಚಾಗಿ ರಾಜಧಾನಿಯ ಸುತ್ತಲೇ. ಕುರುಗೋಡು, ಸಿರುಗುಪ್ಪದ ಗದ್ದೆಗಳ ನಡುವಿನ ರಸ್ತೆಯಲ್ಲಿ ಗಾಡಿ ನಿಂತಾಗ ಈ ಹೆಮ್ಮೆ ಉಪಯೋಗಕ್ಕೆ ಬರುವುದಿಲ್ಲ.

ದಾರಿಗಳಿಲ್ಲ ಎಂದಲ್ಲ. ರಾಷ್ಟ್ರೀಯ ಹೆದ್ದಾರಿಯಲ್ಲಿ ನಿಂತರೆ 1033ಕ್ಕೆ ಕರೆ ಮಾಡಬಹುದು. ನಮ್ಮಲ್ಲಿ ಸಿರುಗುಪ್ಪ ಕಡೆ ಹೋಗುವ 150ಎ, ಹೊಸಪೇಟೆ ಕಡೆ ಹೋಗುವ 67 ಎರಡೂ ರಾಷ್ಟ್ರೀಯ ಹೆದ್ದಾರಿಗಳೇ. ಕರೆ ಮಾಡಿದಾಗ ‘ಎಲೆಕ್ಟ್ರಿಕ್ ಗಾಡಿ, ಫ್ಲಾಟ್‌ಬೆಡ್ ಬೇಕು’ ಎಂದು ಮೊದಲೇ ಹೇಳಿ. ಇನ್ನು ವಿಮೆ ಮಾಡಿಸುವಾಗ ಸ್ವಲ್ಪ ಹೆಚ್ಚು ಹಣ ಕಟ್ಟಿದರೆ ‘ರೋಡ್‌ಸೈಡ್ ಅಸಿಸ್ಟೆನ್ಸ್’ ಸಿಗುತ್ತದೆ. ಎಷ್ಟು ಕಿ.ಮೀ. ತನಕ ಉಚಿತವಾಗಿ ಒಯ್ಯುತ್ತಾರೆ, ಚಾರ್ಜ್ ಖಾಲಿಯಾದರೂ ಬರುತ್ತಾರೋ ಎಂಬ ಎರಡು ಪ್ರಶ್ನೆ ಕೇಳಿಯೇ ಸಹಿ ಹಾಕಿ.

ಆದರೆ ಅಪ್ಪನಂಥವರ ಕಥೆ ಬೇರೆ. 250 ವ್ಯಾಟ್, 25 ಕಿ.ಮೀ. ವೇಗದೊಳಗಿನ ಗಾಡಿ ಕಾನೂನಿನ ಪ್ರಕಾರ ‘ಮೋಟಾರು ವಾಹನ’ವೇ ಅಲ್ಲ. ನೋಂದಣಿ ಬೇಡ, ವಿಮೆ ಕಡ್ಡಾಯವಲ್ಲ. ಕೊಳ್ಳುವಾಗ ಇದೇ ಲಾಭ ಅನ್ನಿಸುತ್ತದೆ. ದಾರಿಯಲ್ಲಿ ನಿಂತಾಗ ಗೊತ್ತಾಗುತ್ತದೆ, ವಿಮೆಯೇ ಇಲ್ಲದ ಮೇಲೆ ಸಹಾಯಕ್ಕೆ ಬರುವವರೂ ಇಲ್ಲ ಅಂತ. ಹಾಲು ಹಾಕುವವರು, ತರಕಾರಿ ಮಾರುವವರು, ಹೊಲಿಗೆಯವರು ಕೊಳ್ಳುವುದು ಇಂಥ ಗಾಡಿಗಳನ್ನೇ. ಒಂದು ದಿನ ಗಾಡಿ ನಿಂತರೆ ಒಂದು ದಿನದ ದುಡಿಮೆ ನಿಲ್ಲುವುದೂ ಇವರದ್ದೇ.

ಏಳಡಿ ಹಲಗೆಯ ಲೆಕ್ಕ

ಮಿನಿ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದಾಗ ನಾವು ನಾಲ್ವರು ಗೆಳತಿಯರು ಇದನ್ನೇ ಆರಿಸಿಕೊಂಡೆವು. ದೊಡ್ಡದೇನೂ ಅಲ್ಲ. ಗೂಡ್ಸ್ ಆಟೊಗೆ ಸ್ಕೂಟರ್ ಏರಿಸಲು ಮಧ್ಯಕ್ಕೆ ಮಡಚುವ ಏಳಡಿ ಉದ್ದದ ಕಬ್ಬಿಣದ ಹಲಗೆ, ಗಾಡಿ ಅಲ್ಲಾಡದಂತೆ ಬಿಗಿಯಲು ನಾಲ್ಕು ಬೆಲ್ಟ್. ಫ್ಲಾಟ್‌ಬೆಡ್ ಲಾರಿ ಎಲ್ಲ ಊರಲ್ಲಿ ಸಿಗುವುದಿಲ್ಲ, ಬ್ರೂಸ್‌ಪೇಟೆಯ ಗಲ್ಲಿಗಳಲ್ಲಿ ತಿರುಗುವುದೂ ಇಲ್ಲ. ಗೂಡ್ಸ್ ಆಟೊ ಎಲ್ಲ ಕಡೆ ಇದೆ.

ಲೆಕ್ಕ ಪಿಯುಸಿಯ ಭೌತಶಾಸ್ತ್ರದ್ದೇ. ಆಟೊದ ತಳ ನೆಲದಿಂದ ಸುಮಾರು 70 ಸೆಂ.ಮೀ. ಎತ್ತರ. ಹಲಗೆಯ ಉದ್ದ 210 ಸೆಂ.ಮೀ. ಅಂದರೆ ಮೂರು ಪಟ್ಟು. ದೊಡ್ಡ ಸ್ಕೂಟರ್ 120 ಕೆ.ಜಿ. ತೂಗಿದರೂ ಹಲಗೆಯ ಮೇಲೆ ತಳ್ಳಲು ಸುಮಾರು 40 ಕೆ.ಜಿ.ಯಷ್ಟು ಬಲ ಸಾಕು. ಇಬ್ಬರು ಹುಡುಗಿಯರು ಆರಾಮಾಗಿ ಏರಿಸುತ್ತೇವೆ. ವೆಲ್ಡಿಂಗ್ ಅಂಗಡಿಯವರು ಮೊದಲು ‘ಏನಮ್ಮಾ, ಕುರಿ ಏರಿಸ್ತೀರೇನು?’ ಅಂತ ನಕ್ಕರು. ಸ್ಕೂಟರ್ ಏರಿಸಿ ತೋರಿಸಿದ ಮೇಲೆ ಹಲಗೆ ಜಾರದಂತೆ ತುದಿಗೆ ಕೊಕ್ಕೆ ಹಾಕಿಕೊಟ್ಟದ್ದು ಅವರೇ. ಆ ಕೊಕ್ಕೆ ನಮ್ಮ ಡ್ರಾಯಿಂಗ್‌ನಲ್ಲಿ ಇರಲಿಲ್ಲ.

ನಿಂತರೆ ಹೀಗೆ ಮಾಡಿ

ಮೊದಲು ಗಾಡಿಯನ್ನು ನಡೆಯುವ ವೇಗದಲ್ಲಿ ನೂಕಿ ರಸ್ತೆ ಬದಿಗೆ, ಆದರೆ ನೆರಳಿಗೆ ತನ್ನಿ. ಅಷ್ಟು ನಿಧಾನಕ್ಕೆ ನೂಕಿದರೆ ಏನೂ ಆಗುವುದಿಲ್ಲ. ನಮ್ಮ ಬೇಸಿಗೆಯಲ್ಲಿ ಬ್ಯಾಟರಿ ಬಿಸಿಯಾಗಿ ತಾನೇ ಆಫ್ ಆಗಿರಲೂಬಹುದು. ಅರ್ಧ ಗಂಟೆ ತಣ್ಣಗಾಗಲು ಬಿಡಿ. ಬಿಸಿ ಇರುವಾಗಲೇ ಚಾರ್ಜ್‌ಗೆ ಹಾಕಬೇಡಿ.

ಚಾರ್ಜರ್ ಸದಾ ಗಾಡಿಯಲ್ಲೇ ಇರಲಿ. ಮನೆಯ ಮಾಮೂಲಿ ಪ್ಲಗ್‌ಗೆ ಹಾಕುವ 750 ವ್ಯಾಟಿನ ಚಾರ್ಜರ್ ಅರ್ಧ ಗಂಟೆಗೆ ಎಳೆಯುವುದು ಒಂದು ಯೂನಿಟ್‌ನಲ್ಲಿ ಅರ್ಧಕ್ಕಿಂತ ಕಡಿಮೆ. ಅಷ್ಟರಲ್ಲಿ ಸ್ಕೂಟರ್ ಸುಮಾರು ಹತ್ತು ಕಿ.ಮೀ. ಓಡುತ್ತದೆ. ದಾರಿಬದಿಯ ಹೋಟೆಲ್‌ನಲ್ಲಿ ಒಂದು ಮಂಡಕ್ಕಿ–ಮಿರ್ಚಿ ತಿಂದು, ಕರೆಂಟಿಗೆಂದು ಹತ್ತಿಪ್ಪತ್ತು ರೂಪಾಯಿ ಹೆಚ್ಚಿಗೆ ಕೊಟ್ಟರೆ ಇಬ್ಬರಿಗೂ ಲಾಭ. ಅವತ್ತು ಚಾರ್ಜರ್ ಜೊತೆಯಲ್ಲಿದ್ದಿದ್ದರೆ ಅಪ್ಪ ಒಂದು ಗಂಟೆ ಕೂತು ಎದ್ದು ಬರಬಹುದಿತ್ತು.

ಅಪಘಾತವಾಗಿದ್ದರೆ, ನೀರಲ್ಲಿ ಮುಳುಗಿದ್ದರೆ, ಬ್ಯಾಟರಿ ಕಡೆಯಿಂದ ಹೊಗೆ ಬಂದರೆ ಮಾತ್ರ ಹತ್ತಿರ ಹೋಗಬೇಡಿ, 112ಕ್ಕೆ ಕರೆ ಮಾಡಿ. 2022ರಲ್ಲಿ ದೇಶದ ಹಲವೆಡೆ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದ ಮೇಲೆ ಬ್ಯಾಟರಿ ಸುರಕ್ಷತೆಯ ನಿಯಮಗಳು ಬಿಗಿಯಾದವು. ಆದರೂ ಪೆಟ್ಟು ತಿಂದ ಲಿಥಿಯಂ ಬ್ಯಾಟರಿ ಗಂಟೆಗಳ ನಂತರ, ಕೆಲವೊಮ್ಮೆ ದಿನಗಳ ನಂತರವೂ ಹೊತ್ತಿಕೊಳ್ಳಬಹುದು. ಅಂಥ ಗಾಡಿಯನ್ನು ಮನೆ, ಅಂಗಡಿ, ಬೇರೆ ಗಾಡಿಗಳಿಂದ 15 ಮೀಟರ್ ದೂರದಲ್ಲಿ ಬಯಲಲ್ಲಿ ನಿಲ್ಲಿಸಬೇಕು.

ಕೆಲಸ ಇಲ್ಲೇ ಇದೆ

ಎಂಜಿನಿಯರಿಂಗ್ ಮುಗಿಸಿದ ಮೇಲೆ ಬೆಂಗಳೂರು ಬಸ್ ಹತ್ತುವುದೇ ನಮ್ಮೆಲ್ಲರ ಕನಸು. ನನ್ನದೂ ಅದೇ ಇತ್ತು, ಈಗಲೂ ಪೂರ್ತಿ ಹೋಗಿಲ್ಲ. ಆದರೆ ನಮ್ಮ ತಾಲ್ಲೂಕುಗಳಲ್ಲಿ ಕಂಟ್ರೋಲರ್ ಯಾವುದು, ಬ್ಯಾಟರಿ ಯಾವುದು ಎಂದು ಅಳೆದು ಹೇಳುವವರು, ಗಾಡಿಯನ್ನು ಸರಿಯಾಗಿ ಏರಿಸಿ ಇಳಿಸುವವರು ಬೇಕೇ ಬೇಕು. ಇದಕ್ಕೆ ಬಿ.ಇ. ಪದವಿಯೇ ಆಗಬೇಕೆಂದಿಲ್ಲ. ಐಟಿಐನಲ್ಲಿ ‘ಮೆಕ್ಯಾನಿಕ್ ಎಲೆಕ್ಟ್ರಿಕ್ ವೆಹಿಕಲ್’ ಎಂಬ ಎರಡು ವರ್ಷದ ಕೋರ್ಸ್ ಇದೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೇರಿಸಲಾಗಿದೆ. ಎಸ್ಸೆಸ್ಸೆಲ್ಸಿ ಮುಗಿಸಿದ ತಮ್ಮ–ತಂಗಿಯರಿದ್ದರೆ ಒಮ್ಮೆ ವಿಚಾರಿಸಿ. ಈಗಾಗಲೇ ಕ್ರೇನ್ ಓಡಿಸುವವರು, ಗೂಡ್ಸ್ ಆಟೊದವರು, ಗ್ಯಾರೇಜ್ ಇಟ್ಟವರು ಒಂದು ದಿನ ಕೂತು ಕಲಿತರೂ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಕಲಿಸುವುದಕ್ಕೆ ನಮ್ಮಂಥ ವಿದ್ಯಾರ್ಥಿಗಳಿದ್ದೇವಲ್ಲ.

ಕಳೆದ ವಾರ ಅಪ್ಪನ ಫೋನ್ ಮತ್ತೆ ಬಂತು. ಗಾಡಿ ನಿಂತಿತೇನೋ ಎಂದು ಎದೆ ಧಸಕ್ಕೆಂದಿತು. ‘ನನ್ನ ಗಾಡಿಗೆ ಏನೂ ಆಗಿಲ್ಲ. ಇಲ್ಲೊಬ್ಬ ಹಾಲಿನವನ ಗಾಡಿ ನಿಂತಿತ್ತು. ಯಾರೋ ಕಾಲು ಕೊಡಾಕ ಬಂದಿದ್ರು, ಬ್ಯಾಡ್ರಪ್ಪೋ ಅಂತ ಬಿಡಿಸ್ದೆ. ಆ ಗೂಡ್ಸ್ ಆಟೊದವನ ನಂಬರ್ ಹೇಳು’ ಅಂದ.

ನಂಬರ್ ಕೊಟ್ಟೆ. ಹಲಗೆಯೂ ಹೋಯಿತು.