ತೂಕ ಇಳಿಕೆ

ತೂಕ ಇಳಿಕೆ ಎಂದರೆ ದೇಹದಲ್ಲಿ ಶೇಖರವಾದ ಹೆಚ್ಚುವರಿ ಕೊಬ್ಬನ್ನು ಕರಗಿಸಿ ದೇಹದ ಭಾರವನ್ನು ತಗ್ಗಿಸಿಕೊಳ್ಳುವುದು. ವ್ಯಯವಾಗುವ ಶಕ್ತಿಗಿಂತ ಸೇವಿಸುವ ಶಕ್ತಿ ಕಡಿಮೆಯಾದಾಗ ಮಾತ್ರ ಇದು ಸಾಧ್ಯ. ಒಂದು ಗ್ರಾಂ ಪಿಷ್ಟದಿಂದ 4 ಕಿಲೋಕ್ಯಾಲೊರಿ ದೊರೆತರೆ ಅಷ್ಟೇ ಕೊಬ್ಬಿನಿಂದ 9 ದೊರೆಯುತ್ತದೆ. ಕರಿದ ತಿಂಡಿಗಳು ತೂಕ ಹೆಚ್ಚಿಸುವುದು ಈ ಕಾರಣದಿಂದಲೇ.

ರಾಗಿ ತಿಂದರೆ ತೂಕ ತಾನಾಗಿ ಇಳಿಯುತ್ತದೆಂಬ ನಂಬಿಕೆ ಕರ್ನಾಟಕದಲ್ಲಿ ವ್ಯಾಪಕವಾಗಿದೆ. ಆದರೆ ಸಮತೂಕದ ರಾಗಿಗೂ ಅಕ್ಕಿಗೂ ಶಕ್ತಿಯ ಪ್ರಮಾಣದಲ್ಲಿ ಹೆಚ್ಚಿನ ಅಂತರವಿಲ್ಲ. ರಾಗಿಯಲ್ಲಿ ನಾರಿನಂಶ ಅಧಿಕವಾಗಿರುವುದರಿಂದ ಬೇಗ ಹೊಟ್ಟೆ ತುಂಬಿದ ತೃಪ್ತಿ ಉಂಟಾಗುತ್ತದೆ, ಅಷ್ಟೆ. ಮುದ್ದೆಯ ಗಾತ್ರ ಹಿರಿದಾದರೆ ಆ ಲಾಭವೂ ಉಳಿಯದು. ಜೊತೆಗೆ ಸೊಪ್ಪಿನ ಸಾರು, ಹೆಸರುಬೇಳೆ ಕೋಸಂಬರಿ, ನೀರುಮಜ್ಜಿಗೆ ಇದ್ದರೆ ಊಟವು ರುಚಿಕರವೂ ಹಗುರವೂ ಆಗುತ್ತದೆ.

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆ ನಡೆಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುತ್ತದೆ. ಬೇಸರ ತರುವ ವ್ಯಾಯಾಮ ಬಹುಕಾಲ ನಡೆಯುವುದಿಲ್ಲ. ಬಿರುಸಿನ ನಡಿಗೆ, ಈಜು, ಸೈಕಲ್ ಸವಾರಿ, ಕೋಲಾಟ, ಮಕ್ಕಳೊಡನೆ ಲಗೋರಿ ಇವೆಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ.

ವಾರಕ್ಕೆ ಅರ್ಧದಿಂದ ಒಂದು ಕಿಲೋಗ್ರಾಂ ಇಳಿಕೆ ಸುರಕ್ಷಿತ. ಕಠಿಣ ಉಪವಾಸದಿಂದ ಸ್ನಾಯುಗಳು ಕ್ಷೀಣಿಸುತ್ತವೆ. ಪಿತ್ತಕೋಶದಲ್ಲಿ ಕಲ್ಲುಗಳೂ ಉಂಟಾಗಬಹುದು. ಮಧುಮೇಹಕ್ಕೆ ಇನ್ಸುಲಿನ್ ಪಡೆಯುತ್ತಿರುವವರು ವೈದ್ಯರನ್ನು ಕೇಳದೆ ಊಟ ಬಿಟ್ಟರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪುವ ಅಪಾಯವಿದೆ.