ಮಂದ್ರದ ಗುರುತು ಇರುವುದು ಮಂದ್ರದಲ್ಲಲ್ಲ

ಬೇಸ್ ಗಿಟಾರ್‌ನ ಅತಿ ದಪ್ಪ ತಂತಿಯನ್ನು ಎಲ್ಲೂ ಒತ್ತದೆ ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಮೊಬೈಲ್ ಫೋನಿನ ಪುಟ್ಟ ಸ್ಪೀಕರಿಗೆ ಅಷ್ಟು ನಿಧಾನದ ಕಂಪನವನ್ನು ಹೊರಡಿಸುವ ಶಕ್ತಿ ಇಲ್ಲ. ಆದರೂ ಅದೇ ಫೋನಿನಲ್ಲಿ ಹಾಡು ಕೇಳುವಾಗ ಬೇಸ್ ಯಾವ ಸ್ವರದಲ್ಲಿದೆ ಎಂದು ನಮಗೆ ತಿಳಿಯುತ್ತದೆ. ತಂತಿ 41ರ ಜೊತೆಗೆ ಸುಮಾರು 82, 124, 165 ಹೀಗೆ ಅದರ ಅಪವರ್ತ್ಯಗಳಲ್ಲೂ ಕಂಪಿಸುತ್ತಿರುತ್ತದೆ. ಈ ಉಪಸ್ವರಗಳ ನಡುವಿನ ಸಮಾನ ಅಂತರವನ್ನು ಹಿಡಿದು ಮಿದುಳು ಕೇಳಿಸದ ಮೂಲಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ.

ಬೇರೆಯದೇ ನಾದದ ಬೇಸ್ ಬೇಕೆಂದು ಅಂಗಡಿಗೆ ಹೋಗುವವರು ಇದನ್ನು ಮೊದಲು ತಿಳಿದಿರಬೇಕು. 41 ಎಲ್ಲ ಬೇಸ್‌ಗಳಲ್ಲೂ 41 ಆಗಿಯೇ ಇರುತ್ತದೆ. ಒಂದರ ದನಿ ಇನ್ನೊಂದರದ್ದಲ್ಲ ಎನಿಸುವುದು ಅದರ ಮೇಲಿನ ಉಪಸ್ವರಗಳಲ್ಲಿ ಯಾವುದು ಎಷ್ಟು ಬೆರೆತಿದೆ ಎಂಬುದರಿಂದ. ಹಾಗಾಗಿ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಈ ವಾದ್ಯ ಯಾವ ಉಪಸ್ವರವನ್ನು ಎತ್ತಿ ಹಿಡಿಯುತ್ತದೆ, ಯಾವುದನ್ನು ನುಂಗುತ್ತದೆ?

ಇದನ್ನು ಬಹುಪಾಲು ನಿರ್ಧರಿಸುವುದು ಪಿಕಪ್ ಕೂತಿರುವ ಜಾಗ. ಆಯಸ್ಕಾಂತದ ಸುತ್ತ ಸುತ್ತಿದ ತಾಮ್ರದ ತಂತಿಯೇ ಪಿಕಪ್; ಮೇಲಿನ ಉಕ್ಕಿನ ತಂತಿ ಅಲುಗಿದಾಗ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ. ಆದರೆ ಅದಕ್ಕೆ ಗೊತ್ತಾಗುವುದು ತನ್ನ ನೇರ ಮೇಲಿರುವ ತುಣುಕಿನ ಅಲುಗಾಟ ಮಾತ್ರ. ಪ್ರತಿ ಉಪಸ್ವರಕ್ಕೂ ತಂತಿಯುದ್ದಕ್ಕೂ ಕೆಲವು ನಿಸ್ಪಂದ ಬಿಂದುಗಳಿರುತ್ತವೆ, ಅಲ್ಲಿ ತಂತಿ ಆ ಉಪಸ್ವರದ ಮಟ್ಟಿಗೆ ಅಲ್ಲಾಡುವುದೇ ಇಲ್ಲ. ಪಿಕಪ್ ಅಂಥ ಬಿಂದುವಿನ ಕೆಳಗಿದ್ದರೆ ಆ ಉಪಸ್ವರ ಅದರ ಪಾಲಿಗೆ ಇಲ್ಲವೇ ಇಲ್ಲ. ಗಿಟಾರ್ ತಯಾರಕ ಲಿಯೋ ಫೆಂಡರ್ 1951ರಲ್ಲಿ ಹೊರತಂದ ಪ್ರಿಸಿಷನ್ ಬೇಸ್‌ನ ತಂತಿಯ ಉದ್ದ 34 ಇಂಚು. ಅದರ ಒಂದೇ ಪಿಕಪ್, ತಂತಿಯ ಬುಡವನ್ನು ಹೊತ್ತ ಕುದುರೆಯಿಂದ (ಬ್ರಿಡ್ಜ್) ಸರಿಸುಮಾರು ಆರನೇ ಒಂದು ಭಾಗದಷ್ಟು ದೂರದಲ್ಲಿದೆ. ಒತ್ತದೆ ಮೀಟಿದ ತಂತಿಯ ಆರನೇ ಉಪಸ್ವರ ಅಲ್ಲಿ ಕ್ಷೀಣಿಸುತ್ತದೆ, ಕೆಳಗಿನವು ತುಂಬಿ ಬರುತ್ತವೆ. ಫೆಂಡರ್‌ನದೇ 1960ರ ಜಾಝ್ ಬೇಸ್‌ನಲ್ಲಿ ಪಿಕಪ್ ಎರಡು. ಎರಡನ್ನೂ ಪೂರ್ತಿ ತೆರೆದರೆ ಕೆಲವು ಉಪಸ್ವರಗಳು ಎರಡು ಕಡೆಯಿಂದ ವಿರುದ್ಧ ದಿಕ್ಕಿನಲ್ಲಿ ಬಂದು ಪರಸ್ಪರ ಅಳಿಸಿಹೋಗುತ್ತವೆ. ಮಧ್ಯೆ ಟೊಳ್ಳಾದ, ಅಂಚಿನಲ್ಲಿ ಚೂಪಾದ ಆ ಜನಪ್ರಿಯ ನಾದ ಹುಟ್ಟುವುದು ಹೀಗೆ. 1970ರ ದಶಕದಲ್ಲಿ ಅದೇ ಮಾದರಿಯ ಹಿಂದಿನ ಪಿಕಪ್ಪನ್ನು ಕುದುರೆಯ ಕಡೆಗೆ ಸುಮಾರು ಒಂದು ಸೆಂಟಿಮೀಟರ್ ಸರಿಸಿದರು. ಅಷ್ಟಕ್ಕೇ ದನಿ ಗಡಸಾಯಿತು. ಆ ಕಾಲದ ವಾದ್ಯವನ್ನೇ ಹುಡುಕುವವರು ಈಗಲೂ ಇದ್ದಾರೆ.

ತಂತಿಯ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಪಿಟೀಲಿನ ಆಕಾರದ, ಒಳಗೆ ಟೊಳ್ಳಾದ ಜರ್ಮನಿಯ ಹೋಫ್ನರ್ 500/1 ಬೇಸ್ ಅನ್ನು ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡರು. ಅದರ ತಂತಿ ಸುಮಾರು 30 ಇಂಚು. ಅದೇ ತಂತಿಯಲ್ಲಿ ಅದೇ ಸ್ವರ ಬೇಕಾದರೆ ಬಿಗಿತ ಉದ್ದದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಎಂದರೆ 34 ಇಂಚಿಗಿಂತ ಸುಮಾರು ಶೇಕಡ 22ರಷ್ಟು ಕಡಿಮೆ. ಸಡಿಲ ತಂತಿಯಲ್ಲಿ ಮೇಲಿನ ಉಪಸ್ವರಗಳು ಬೇಗ ಸಾಯುತ್ತವೆ. ಮೀಟಿದೊಡನೆ ಗುಂಡಗೆ, ಮೆತ್ತಗೆ ಎದ್ದು ಅಡಗುವ ನಾದ ಬೇಕಾದವರು ಈ ಗಿಡ್ಡ ಅಳತೆಯ ವಾದ್ಯಗಳನ್ನು ಮಕ್ಕಳದೆಂದು ತಳ್ಳಿಹಾಕಬಾರದು.

ಆದರೆ ನಿಜವಾಗಿ ಬೇರೆ ನಾದ ಬೇಕು ಎಂದು ಯಾರಾದರೂ ಕೇಳಿದರೆ ನಾನು ಬೆರಳು ತೋರುವುದು ಫ್ರೆಟ್ ಇಲ್ಲದ ಬೇಸ್‌ನತ್ತ. ವೀಣೆಯ ಮೆಟ್ಟಿಲುಗಳಂತೆ ಫ್ರೆಟ್ ಇದ್ದಾಗ ತಂತಿ ಒಂದು ಲೋಹದ ಅಂಚಿನಲ್ಲಿ ಖಚಿತವಾಗಿ ಕೊನೆಗೊಳ್ಳುತ್ತದೆ. ಫ್ರೆಟ್ ಇಲ್ಲದಲ್ಲಿ ಬೆರಳು ತಂತಿಯನ್ನು ನೇರ ಮರದ ಪಟ್ಟಿಗೆ ಒತ್ತುತ್ತದೆ. ಬೆರಳಿನ ಮುಂದೆ ತಂತಿ ಪಟ್ಟಿಗೆ ಬಲು ಸಮೀಪವಾಗಿ ಮೇಲೇರುವುದರಿಂದ ಪ್ರತಿ ಕಂಪನದಲ್ಲೂ ಅದನ್ನು ಸವರಿ ಹೋಗುತ್ತದೆ. ಮೀಟಿದ ಮೇಲೆ ಸ್ವರ ಬಾಯಿ ಬಿಟ್ಟಂತೆ ಅರಳುವುದು ಈ ಸವರುವಿಕೆಯಿಂದಲೇ. ನಮ್ಮ ತಂಬೂರಿಯಲ್ಲಿ ಅಗಲವಾದ ಕುದುರೆ ಮತ್ತು ಜೀವಾಳದ ದಾರ ಸೇರಿ ಮಾಡುವುದು ಇದಕ್ಕೆ ಹತ್ತಿರದ ಕೆಲಸ. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೋ ಅಲ್ಲಿ ನಿಸ್ಪಂದವಿರುವ ಉಪಸ್ವರ ಹುಟ್ಟಬಾರದು ಎಂಬುದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಹೆಸರಿನ ನಿಯಮ. ತಂಬೂರಿ ಮತ್ತು ವೀಣೆ ಈ ನಿಯಮವನ್ನು ಪಾಲಿಸುವುದಿಲ್ಲ, ಹುಟ್ಟಬಾರದ ಉಪಸ್ವರಗಳೂ ಅವುಗಳಲ್ಲಿ ಗಟ್ಟಿಯಾಗಿ ಕೇಳುತ್ತವೆ ಎಂದು ಸಿ.ವಿ. ರಾಮನ್ 1921ರಲ್ಲಿ, ಇನ್ನೂ ಕಲ್ಕತ್ತೆಯಲ್ಲಿದ್ದಾಗಲೇ, ಪ್ರಕಟಿಸಿದ್ದರು. ತಂಬೂರಿಯ ಶ್ರುತಿಯಲ್ಲಿ ಬೆಳೆದ ಕಿವಿಗೆ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ಅವರ 1976ರ ಮೊದಲ ಆಲ್ಬಮ್ ಅಪರಿಚಿತ ಅನ್ನಿಸಲಾರದು. ಅವರ ಕೈಯಲ್ಲಿದ್ದುದು ಫ್ರೆಟ್ ಕಿತ್ತು, ಪಟ್ಟಿಗೆ ಎಪಾಕ್ಸಿ ಬಳಿದಿದ್ದ ಜಾಝ್ ಬೇಸ್. ಗಟ್ಟಿ ಲೇಪದ ಮೇಲೆ ತಂತಿಯ ಸವರುವಿಕೆ ಇನ್ನಷ್ಟು ಹೊಳೆಯುತ್ತದೆ. ಹಿಂದಿನ ಪಿಕಪ್ಪನ್ನೇ ಮುಂದುಮಾಡಿ, ಕುದುರೆಯ ಬಳಿ ಮೀಟಿ, ಅವರು ಮೇಲಿನ ಉಪಸ್ವರಗಳನ್ನು ಎದುರಿಗೆ ತಂದು ನಿಲ್ಲಿಸಿದರು.

ಮರಕ್ಕೆ ಮಾತ್ರ ನಾನು ಹೆಚ್ಚು ಹಣ ಕೊಡುವುದಿಲ್ಲ. ಗಟ್ಟಿ ಒಡಲಿನ ವಿದ್ಯುತ್ ವಾದ್ಯದಲ್ಲಿ ಪಿಕಪ್ ಕೇಳಿಸಿಕೊಳ್ಳುವುದು ಲೋಹದ ತಂತಿಯನ್ನು. ಮರದ ಪ್ರಭಾವ ನಿಚ್ಚಳವಾಗಿ ಸಿಗುವ ಒಂದು ಜಾಗವಿದೆ, ಅದೂ ದೋಷವಾಗಿ. ವಾದ್ಯದ ಕತ್ತು ತನ್ನದೇ ಆವೃತ್ತಿಯಲ್ಲಿ ಅನುರಣಿಸುತ್ತದೆ. ನುಡಿಸಿದ ಸ್ವರ ಅದಕ್ಕೆ ಹೊಂದಿಬಿಟ್ಟರೆ ತಂತಿಯ ಶಕ್ತಿ ಕತ್ತಿಗೆ ಸೋರಿ ಸ್ವರ ಅಲ್ಲೇ ಬತ್ತುತ್ತದೆ. ಫೆಂಡರ್ ಮಾದರಿಯ ಬೇಸ್‌ಗಳಲ್ಲಿ ಇದು ಹೆಚ್ಚಾಗಿ ಅತಿ ತೆಳು ತಂತಿಯ 5ರಿಂದ 7ನೇ ಫ್ರೆಟ್‌ಗಳ ಆಸುಪಾಸಿನಲ್ಲಿ ಇರುತ್ತದೆ. ಕೊಳ್ಳುವ ಮುನ್ನ ಅಲ್ಲಿ ಒಂದೊಂದೇ ಸ್ವರವನ್ನು ಎಳೆದು ಬಿಟ್ಟು ಎಷ್ಟು ಹೊತ್ತು ಉಳಿಯುತ್ತದೆಂದು ಕೇಳಬೇಕು. ಸದ್ದು ತಗ್ಗಿಸಿ ಪರೀಕ್ಷಿಸುವುದೂ ಮೋಸ ಮಾಡುತ್ತದೆ: ಕಡಿಮೆ ಸದ್ದಿನಲ್ಲಿ ನಮ್ಮ ಕಿವಿ ಮಂದ್ರಕ್ಕೆ ಬಹಳ ಮಂದ. ಸಾಧ್ಯವಾದರೆ ಡ್ರಮ್ ನುಡಿಸುವ ಗೆಳೆಯನನ್ನು ಜೊತೆಗೆ ಕರೆದೊಯ್ಯಿರಿ. ಒಂಟಿಯಾಗಿ ಗಂಭೀರವೆನಿಸಿದ ಎಷ್ಟೋ ಬೇಸ್‌ಗಳು ದೊಡ್ಡ ಡ್ರಮ್ಮಿನ ಹೊಡೆತದಡಿ ಕಾಣೆಯಾಗುತ್ತವೆ.

ಹೊಸ ವಾದ್ಯಕ್ಕೆ ಹಣ ಹೊಂದಿಸುವ ಮೊದಲು ಮನೆಯಲ್ಲಿರುವ ಬೇಸ್‌ನ ತಂತಿ ಬದಲಿಸಿ ನೋಡಬಹುದು. ಹೊರಗೆ ದುಂಡು ತಂತಿ ಸುತ್ತಿದವು ಝಣಝಣಿಸುತ್ತವೆ. ಚಪ್ಪಟೆ ಪಟ್ಟಿ ಸುತ್ತಿದವು ಮೇಲಿನ ಉಪಸ್ವರಗಳನ್ನು ಬೇಗ ಅಡಗಿಸುತ್ತವೆ. ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದಲ್ಲಿ ಜೇಮ್ಸ್ ಜೇಮರ್ಸನ್ ನುಡಿಸುತ್ತಿದ್ದುದು ಅಂಗಡಿಯಲ್ಲಿ ಸಿಗುವ ಮಾಮೂಲಿ 1962ರ ಪ್ರಿಸಿಷನ್ ಬೇಸ್. ಅದರಲ್ಲಿ ಚಪ್ಪಟೆ ಸುತ್ತಿನ ಹಳೆಯ ತಂತಿಗಳು, ಕುದುರೆಯ ಬಳಿ ಒತ್ತಿಟ್ಟ ಫೋಮ್ ತುಂಡು. ಮೀಟಲು ಅವರಿಗೆ ಬಲಗೈಯ ತೋರುಬೆರಳೊಂದೇ ಸಾಕಾಗಿತ್ತು.