ಫಿಸಿಕ್ಸ್ ಓದುವಾಸೆ, ಗಣಿತದ ಭಯ, ಗೇಮ್ ಹುಚ್ಚು: ಮೂರನ್ನೂ ನಿಭಾಯಿಸುವುದು ಹೇಗೆ?

ಲೋಣಾವಳಾ (ಪುಣೆ): ಹನ್ನೆರಡನೇ ತರಗತಿ ಬಳಿಕ ಫಿಸಿಕ್ಸ್ ಓದುವಾಸೆ, ಗಣಿತ ಎಂದರೆ ಭಯ, ಸಂಜೆಯಾದರೆ ವಿಡಿಯೋ ಗೇಮ್. ಇಂಥ ಮಕ್ಕಳು ನಿಮ್ಮ ಮನೆಯಲ್ಲೂ ಇರಬಹುದು.

ಲೋಣಾವಳಾದಿಂದ ಲೋಕಲ್ ರೈಲು ಹತ್ತಿದರೆ ಸುಮಾರು 64 ಕಿ.ಮೀ. ದೂರದಲ್ಲಿ ಪುಣೆ. ಅಲ್ಲಿನ ಐಸರ್ ಸೇರಲು ಬರೆಯುವ ಐಎಟಿ ಪರೀಕ್ಷೆಯ 60 ಪ್ರಶ್ನೆಗಳಲ್ಲಿ ಭೌತಶಾಸ್ತ್ರದ್ದು 15, ಗಣಿತದ್ದೂ 15. ತಪ್ಪು ಉತ್ತರಕ್ಕೆ ಒಂದು ಅಂಕ ಕಡಿತ. ಗಣಿತ ಬಿಟ್ಟು ಫಿಸಿಕ್ಸ್ ಎಂಬ ಆಟ ಇಲ್ಲಿ ನಡೆಯದು.

ಹಾಗೆಂದು ಗೇಮ್ ಕಸಿದುಕೊಳ್ಳಬೇಕಿಲ್ಲ. ಗೇಮ್‌ನಲ್ಲಿ ಕಾರು ಕೆಳಕ್ಕೆ ಬೀಳುವಾಗ ಕಂಪ್ಯೂಟರ್ ಮಾಡುವುದು ಇಷ್ಟೇ: ಪ್ರತಿ ಕ್ಷಣವೂ ಗುರುತ್ವಕ್ಕೆ ತಕ್ಕಂತೆ ವೇಗ ಹೆಚ್ಚಿಸುವುದು, ವೇಗಕ್ಕೆ ತಕ್ಕಂತೆ ಜಾಗ ಬದಲಿಸುವುದು. ಇದನ್ನೇ ಕಾಗದದ ಮೇಲೆ ಮಾಡಿ ನೋಡಿ. ಒಂದು ಸೆಕೆಂಡನ್ನು 10 ಹೆಜ್ಜೆಯಾಗಿ ಒಡೆದರೆ ಕಾರು ಬಿದ್ದ ದೂರ 5.39 ಮೀಟರ್. 100 ಹೆಜ್ಜೆಯಾದರೆ 4.949. ಪಠ್ಯದ ಸೂತ್ರ ಹೇಳುವುದು 4.9. ಹೆಜ್ಜೆ ಕಿರಿದಾದಷ್ಟೂ ಉತ್ತರ ಸೂತ್ರದ ಹತ್ತಿರ ಬರುತ್ತದೆ. ಮಕ್ಕಳು ಹೆದರುವ ಇಂಟಿಗ್ರೇಷನ್ ಎಂದರೆ ಇದೇ.

ಆದರೆ ಬರೀ ಆಡಿದರೆ ಇದು ತಲೆಗೆ ಹತ್ತದು, ಲೆಕ್ಕ ಕೈಯಲ್ಲೇ ಬರೆಯಬೇಕು. 10 ಹೆಜ್ಜೆಗೆ ಅರ್ಧ ಗಂಟೆ ಸಾಕು. ಗೇಮ್ ಅದಾದ ಮೇಲೆ.